ಮುಚ್ಚಿದ ಬಾಗಿಲಿನ ಹಿಂದಿನ ಬೆಂಕಿ



ನಮ್ಮ ಮಾತುಕತೆಯ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಮೆಚ್ಚುಗೆಯವು ಹಲವು, ದೂರಿನವು ಕೆಲವು. ಅಪರೂಪಕ್ಕೊಮ್ಮೆ ಒಂದು ಪ್ರಶ್ನೆಯೇ ಇಡೀ ಕಾರ್ಯಕ್ರಮಕ್ಕೆ ವಸ್ತುವಾಗುವುದುಂಟು. ಬೆಳ್ತಂಗಡಿ ತಾಲೂಕಿನ ಕಕ್ಕಿಂಜೆಯಿಂದ ಪಿ.ಯು.ಸಿ. ವಿಜ್ಞಾನ ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ಬರೆದ ಪತ್ರ ಅಂಥದು. ಅದರ ಸಾರಾಂಶ ಹೀಗಿದೆ.

ಅವಳ ನೆರೆಮನೆಯವರ ರಬ್ಬರ್ ಸ್ಮೋಕ್ ಹೌಸ್‌ಗೆ ಒಂದು ರಾತ್ರಿ ಬೆಂಕಿ ಬಿತ್ತು. ಊರವರು ಸೇರಿ ಬಾವಿಯಿಂದ ನೀರು ಸೇದಿ ಗೋಡೆಗೆ ಎರಚಿದರು. ಅಷ್ಟರಲ್ಲಿ ಫಯರ್ ಇಂಜಿನ್ ಬಂತು. ಆದರೆ ಬಂದವರು ಕೂಡಲೇ ಬಾಗಿಲು ತೆರೆಯಲಿಲ್ಲ. ಒಬ್ಬರು ಕಟ್ಟಡದ ಸುತ್ತ ನಡೆದು ನೋಡಿದರು. ಇನ್ನೊಬ್ಬರು ಬಾಗಿಲಿನ ಮೇಲೆ ಒಂದಿಷ್ಟು ನೀರು ಚಿಮುಕಿಸಿ ನೋಡುತ್ತ ನಿಂತರು. ಜನರಿಗೆ ತಾಳ್ಮೆ ತಪ್ಪಿತು. ಅವಳ ಮಾವ ಗುದ್ದಲಿ ಹಿಡಿದು ಬಾಗಿಲು ಒಡೆಯಲು ಮುಂದಾದಾಗ ಅಧಿಕಾರಿ ಅವರ ರಟ್ಟೆ ಹಿಡಿದು ಹಿಂದಕ್ಕೆಳೆದು ಎಲ್ಲರೆದುರು ಗದರಿಸಿದರು. ಆಮೇಲೆ ಸಿಬ್ಬಂದಿ ಏಣಿ ಹಾಕಿ ಮಾಡಿನ ಹೆಂಚು ಸರಿಸಿದರು, ನಂತರ ಬಾಗಿಲು ತೆರೆದು ಬೆಂಕಿ ಆರಿಸಿದರು. ಒಳಗಿದ್ದ ರಬ್ಬರ್ ಶೀಟುಗಳೆಲ್ಲ ಸುಟ್ಟುಹೋಗಿದ್ದವು.

‘ಮಾವ ಇವತ್ತಿಗೂ ಆ ಸಿಟ್ಟು ಬಿಟ್ಟಿಲ್ಲ’ ಎಂದು ಅವಳು ಬರೆಯುತ್ತಾಳೆ. ‘ಹೆದರಿ ಹೊರಗೆ ನಿಂತವರು ನನ್ನನ್ನು ಗದರಿಸಿದರು ಮಾರಾಯ್ತಿ ಎನ್ನುತ್ತಾರೆ. ಅವರು ನಿಜವಾಗಿ ಹೆದರಿದರೇ?’

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಅಗ್ನಿಶಾಮಕ ಸೇವೆಯ ಅನುಭವಿ ಅಧಿಕಾರಿಯೊಬ್ಬರನ್ನು ಸ್ಟುಡಿಯೋಗೆ ಕರೆಸಿ ಮಾತನಾಡಿಸಿದೆವು. ಅರ್ಧ ಗಂಟೆಯ ಮಾತಿನಲ್ಲಿ ಹಿಡಿಸದೆ ಉಳಿದ ವಿಜ್ಞಾನವನ್ನು ಈ ಪುಟಗಳಲ್ಲಿ ವಿವರಿಸಲು ಯತ್ನಿಸುತ್ತೇನೆ.

ಸ್ಮೋಕ್ ಹೌಸ್ ಎಂದರೇನು?

ಕಕ್ಕಿಂಜೆಯನ್ನು ಕಾಣದವರಿಗಾಗಿ ಎರಡು ಮಾತು. ಉಜಿರೆಯಿಂದ ಚಾರ್ಮಾಡಿ ಘಾಟಿಯ ಕಡೆಗೆ ಹೊರಟರೆ ಘಾಟಿ ಏರುವ ಮೊದಲು ಸಿಗುವ ಊರು ಇದು. ಸುತ್ತಲೂ ಅಡಿಕೆ, ತೆಂಗು, ರಬ್ಬರ್ ತೋಟಗಳು. ರಬ್ಬರ್ ಮರದಿಂದ ಇಳಿಸಿದ ಹಾಲಿಗೆ ಆಮ್ಲ ಬೆರೆಸಿ ಹೆಪ್ಪುಗಟ್ಟಿಸಿ, ಯಂತ್ರದಲ್ಲಿ ಒತ್ತಿ ಶೀಟು ಮಾಡುತ್ತಾರೆ. ಆ ಶೀಟುಗಳನ್ನು ಮುಚ್ಚಿದ ಸಣ್ಣ ಕಟ್ಟಡದೊಳಗೆ ಸಾಲಾಗಿ ತೂಗುಹಾಕಿ, ಕೆಳಗಿನ ಒಲೆಯಲ್ಲಿ ಕಟ್ಟಿಗೆ ಉರಿಸಿ, 40ರಿಂದ 60 ಡಿಗ್ರಿ ಸೆಲ್ಸಿಯಸ್ ಬಿಸಿಯ ಹೊಗೆಯಲ್ಲಿ ಕೆಲವು ದಿನ ಒಣಗಿಸುತ್ತಾರೆ. ಆ ಕಟ್ಟಡವೇ ಸ್ಮೋಕ್ ಹೌಸ್.

ಶೀಟೊಂದು ಜಾರಿ ಒಲೆಯ ಬಾಯಿಗೆ ಬಿದ್ದರೆ, ಇಲ್ಲವೇ ಒಲೆಯ ಉರಿ ಹದ ಮೀರಿದರೆ ಅನಾಹುತ ಖಂಡಿತ. ಒಂದು ಕಿಲೋ ರಬ್ಬರ್ ಸುಟ್ಟರೆ ಹೊರಬೀಳುವ ಶಾಖ, ಒಂದು ಕಿಲೋ ಕಟ್ಟಿಗೆಯಿಂದ ಬರುವ ಶಾಖದ ಎರಡು ಪಟ್ಟಿಗಿಂತಲೂ ಹೆಚ್ಚು. ಬೇಕಾದಷ್ಟು ಉರುವಲು, ಒಳಗೇ ಇರುವ ಕಿಡಿ, ಗಾಳಿ ಸುಲಭವಾಗಿ ಆಡದ ಕೋಣೆ. ಮುಚ್ಚಿದ ಕೋಣೆಯ ಬೆಂಕಿಯನ್ನು ಅರಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇರೆ ಬೇಕಿಲ್ಲ.

ಹೊಗೆಯೂ ಉರುವಲೇ

ಉರುವಲು, ಶಾಖ, ಆಮ್ಲಜನಕ ಈ ಮೂರೂ ಸೇರಿದಾಗ ಬೆಂಕಿ ಎಂದು ಶಾಲೆಯಲ್ಲಿ ಕಲಿತಿದ್ದೀರಿ. ಹಾಗಾದರೆ ಹೊಗೆ ಯಾವುದು? ಸುಟ್ಟು ಮುಗಿದ ಕಸವೆಂದೇ ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಈ ತಿಳಿವಳಿಕೆ ತಪ್ಪು. ಅದನ್ನು ತೋರಿಸುವ ಪ್ರಯೋಗ ಬಹಳ ಸರಳ. ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಂಡೇ ಮಾಡಿ.

ಗಾಳಿಯಾಡದ ಜಾಗದಲ್ಲಿ ಒಂದು ಮೇಣದ ಬತ್ತಿ ಹಚ್ಚಿ. ಎರಡು ನಿಮಿಷ ಚೆನ್ನಾಗಿ ಉರಿದ ಮೇಲೆ ಮೆಲ್ಲನೆ ಊದಿ ಆರಿಸಿ. ಬತ್ತಿಯಿಂದ ಬಿಳಿಯ ಎಳೆಯೊಂದು ಮೇಲೇಳುತ್ತದೆ. ಉರಿಯುವ ಕಡ್ಡಿಯನ್ನು ಬತ್ತಿಗೆ ಮುಟ್ಟಿಸದೆ, ಒಂದೆರಡು ಅಂಗುಲ ಮೇಲೆ, ಆ ಎಳೆಗೆ ಹಿಡಿಯಿರಿ. ಜ್ವಾಲೆ ಎಳೆಯ ಗುಂಟ ಕೆಳಗೆ ಓಡಿ ಬತ್ತಿಯನ್ನು ಮತ್ತೆ ಹೊತ್ತಿಸುತ್ತದೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮೈಕೇಲ್ ಫ್ಯಾರಡೆ ಮೇಣದ ಬತ್ತಿಯ ಕುರಿತು ಮಕ್ಕಳಿಗೆ ನೀಡಿದ ಉಪನ್ಯಾಸಗಳಲ್ಲಿ ಈ ಪ್ರಯೋಗವೂ ಇತ್ತು. ಆ ಬಿಳಿಯ ಎಳೆ ಎಂದರೆ ಉರಿಯದೆ ಉಳಿದ ಮೇಣದ ಆವಿ.

ಬಚ್ಚಲ ಒಲೆಯ ಮುಂದೆ ಕುಳಿತವರಿಗೆ ಇದರ ದೊಡ್ಡ ರೂಪ ಗೊತ್ತು. ಹಸಿ ಕಟ್ಟಿಗೆ ತುರುಕಿದಾಗ ಉರಿ ಅಡಗಿ ಒಲೆಯ ತುಂಬ ಹೊಗೆ ತುಂಬುತ್ತದೆ. ಊದುಗೊಳವೆಯಿಂದ ಎರಡು ಸಲ ಊದುತ್ತೀರಿ. ಏನೂ ಆಗುವುದಿಲ್ಲ. ಮೂರನೆಯ ಸಲ ಊದಿದಾಗ ಭಗ್ಗೆಂದು ಇಡೀ ಒಲೆಯ ಹೊಗೆ ಹೊತ್ತಿ ಉರಿ ಹೊರಗೆ ಚಾಚುತ್ತದೆ. ಹುಬ್ಬು ಸುಟ್ಟುಕೊಂಡವರು ಎಷ್ಟೋ ಮಂದಿ! ಹೊಗೆಯಲ್ಲಿ ಉರುವಲಿತ್ತು, ಒಲೆಯಲ್ಲಿ ಕೆಂಡವಿತ್ತು, ಗಾಳಿ ಮಾತ್ರ ಸಾಲದಾಗಿತ್ತು. ಅದನ್ನು ನೀವು ಒದಗಿಸಿದಿರಿ. ಸ್ಮೋಕ್ ಹೌಸಿನ ಬಾಗಿಲನ್ನು ಇಂಥ ಒಲೆಯ ಬಾಯಿ ಎಂದುಕೊಳ್ಳಿ. ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಗಾಳಿ ಇರುವ ಕೋಣೆಯಲ್ಲಿ

ಕಿಟಕಿ ಬಾಗಿಲು ತೆರೆದಿರುವ ಕೋಣೆಯೊಂದರ ಮೂಲೆಯಲ್ಲಿ ಬೆಂಕಿ ಹತ್ತಿದೆ ಎನ್ನಿ. ಬಿಸಿ ಹೊಗೆ ಹಗುರವಾದ್ದರಿಂದ ಮೇಲೇರಿ ಚಾವಣಿಗೆ ತಾಗಿ ಸುತ್ತಲೂ ಹರಡುತ್ತದೆ. ಹೊಗೆಯ ಪದರ ದಪ್ಪವಾಗುತ್ತ ಕೆಳಗಿಳಿಯುತ್ತದೆ. ಅದರ ಉಷ್ಣತೆ 500ರಿಂದ 600 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಇಡೀ ಚಾವಣಿ ಒಂದು ದೊಡ್ಡ ಹೀಟರಿನಂತೆ ಕೆಳಕ್ಕೆ ಶಾಖವನ್ನು ಸೂಸುತ್ತಿರುತ್ತದೆ. ನೆಲದ ಪ್ರತಿ ಚದರ ಮೀಟರಿಗೆ ಆಗ ಬೀಳುವ ವಿಕಿರಣ ಸುಮಾರು 20 ಕಿಲೋವಾಟ್. ಬೇಸಗೆಯ ನಡುಹಗಲಿನ ಬಿಸಿಲಿನಲ್ಲಿ ಬೀಳುವುದು ಸುಮಾರು 1 ಕಿಲೋವಾಟ್ ಎಂಬುದನ್ನು ನೆನೆದರೆ ಇದರ ಉಗ್ರತೆ ತಿಳಿದೀತು.

ಈ ಶಾಖಕ್ಕೆ ಮೇಜು, ಹಾಸಿಗೆ, ಪರದೆ, ಪುಸ್ತಕ ಎಲ್ಲವೂ ಆವಿ ಬಿಡಲು ತೊಡಗುತ್ತವೆ. ಆಮೇಲೆ ಕೆಲವೇ ಸೆಕೆಂಡುಗಳಲ್ಲಿ ಎಲ್ಲವೂ ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಮೂಲೆಯ ಬೆಂಕಿ ಗೋಡೆಯಿಂದ ಗೋಡೆಗೆ, ನೆಲದಿಂದ ಚಾವಣಿಗೆ ತುಂಬುತ್ತದೆ. ಇದಕ್ಕೆ ಫ್ಲ್ಯಾಶ್‌ಓವರ್ ಎಂದು ಹೆಸರು. ಹಲವು ಪದರಗಳ ರಕ್ಷಾಕವಚ ತೊಟ್ಟ ಅಗ್ನಿಶಾಮಕ ಸಿಬ್ಬಂದಿಗೂ ಇದರ ನಡುವೆ ಸಿಕ್ಕರೆ ಉಳಿಯುವುದು ಕೆಲವು ಸೆಕೆಂಡುಗಳ ಅವಕಾಶ ಮಾತ್ರ.

1987ರ ನವೆಂಬರ್ 18ರಂದು ಲಂಡನ್ನಿನ ಕಿಂಗ್ಸ್ ಕ್ರಾಸ್ ನೆಲದಡಿಯ ರೈಲು ನಿಲ್ದಾಣದಲ್ಲಿ ಮರದ ಎಸ್ಕಲೇಟರ್ ಒಂದರ ಕೆಳಗೆ ಬೆಂಕಿ ಕಾಣಿಸಿತು. ಮೊದಲು ನೋಡಿದವರಿಗೆ ಅದು ರಟ್ಟಿನ ಪೆಟ್ಟಿಗೆಯೊಂದು ಉರಿದಷ್ಟು ದೊಡ್ಡದಾಗಿ ಕಂಡಿತ್ತು. ಅಗ್ನಿಶಾಮಕರು ಬಂದ ಕೆಲವೇ ನಿಮಿಷಗಳಲ್ಲಿ ಫ್ಲ್ಯಾಶ್‌ಓವರ್ ಸಂಭವಿಸಿ ಟಿಕೆಟ್ ಕೊಡುವ ಮೇಲಿನ ಅಂಗಣವನ್ನೇ ಜ್ವಾಲೆ ನುಂಗಿತು. 31 ಮಂದಿ ಸತ್ತರು. ಸತ್ತವರಲ್ಲಿ ಅಗ್ನಿಶಾಮಕ ಅಧಿಕಾರಿ ಕಾಲಿನ್ ಟೌನ್ಸ್‌ಲಿಯೂ ಒಬ್ಬರು. ಬೆಂಕಿ ಸಣ್ಣದಾಗಿ ಕಾಣುವುದಕ್ಕೂ ಅಪಾಯ ಸಣ್ಣದಾಗಿರುವುದಕ್ಕೂ ಸಂಬಂಧವಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ನಮ್ಮ ಮನೆಗಳೊಳಗೆ ತುಂಬಿರುವ ಸಾಮಾನುಗಳೂ ಬದಲಾಗಿವೆ. ಹತ್ತಿಯ ಹಾಸಿಗೆ, ಹಲಸಿನ ಮರದ ಮಂಚ ಇದ್ದಲ್ಲಿ ಫೋಮ್ ಹಾಸಿಗೆ, ಪ್ಲಾಸ್ಟಿಕ್ ಕುರ್ಚಿ, ನೈಲಾನ್ ಪರದೆ ಬಂದಿವೆ. ಅಮೆರಿಕದ ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ಸಂಸ್ಥೆ ಒಂದೇ ಅಳತೆಯ ಎರಡು ಕೋಣೆಗಳಿಗೆ ಬೆಂಕಿ ಹಚ್ಚಿ ಹೋಲಿಸಿದ ಪ್ರಯೋಗ ಪ್ರಸಿದ್ಧ. ಹಳೆಯ ಕಾಲದ ಸಾಮಾನುಗಳಿದ್ದ ಕೋಣೆ ಫ್ಲ್ಯಾಶ್‌ಓವರ್ ಹಂತ ಮುಟ್ಟಲು ಸುಮಾರು ಅರ್ಧ ಗಂಟೆ ತೆಗೆದುಕೊಂಡಿತು. ಹೊಸ ಕಾಲದ ಸಾಮಾನುಗಳಿದ್ದ ಕೋಣೆಗೆ ಸಾಕಾದದ್ದು ನಾಲ್ಕು ನಿಮಿಷಕ್ಕಿಂತ ಕಡಿಮೆ.

ಗಾಳಿ ಮುಗಿದ ಕೋಣೆಯಲ್ಲಿ

ಈಗ ಬಾಗಿಲು ಕಿಟಕಿ ಮುಚ್ಚಿದ ಕೋಣೆಯನ್ನು ನೋಡೋಣ. ಗಾಳಿಯಲ್ಲಿ ಆಮ್ಲಜನಕದ ಪಾಲು ಶೇಕಡ 21. ಉರಿ ಅದನ್ನು ಬಳಸುತ್ತ ಹೋದಂತೆ ಈ ಪ್ರಮಾಣ ಇಳಿಯುತ್ತದೆ. ಸುಮಾರು ಶೇಕಡ 15ರ ಆಸುಪಾಸಿಗೆ ಬಂದಾಗ ಜ್ವಾಲೆ ಕುಗ್ಗಿ ಅಡಗತೊಡಗುತ್ತದೆ. ಹೊರಗಿನಿಂದ ನೋಡಿದವರು ‘ಬೆಂಕಿ ತಾನಾಗಿಯೇ ಆರುತ್ತಿದೆ’ ಎಂದುಕೊಳ್ಳುತ್ತಾರೆ.

ಆದರೆ ಒಳಗಿನ ಬಿಸಿ ಹಾಗೆಯೇ ಇದೆ. ಆ ಬಿಸಿಗೆ ರಬ್ಬರ್, ಮರ, ಪ್ಲಾಸ್ಟಿಕ್‌ಗಳು ಆವಿ ಬಿಡುತ್ತಲೇ ಇರುತ್ತವೆ. ಅರೆಬರೆ ಉರಿದುದರಿಂದ ಕಾರ್ಬನ್ ಮೊನಾಕ್ಸೈಡ್ ಕೂಡ ಧಾರಾಳವಾಗಿ ಸೇರಿಕೊಳ್ಳುತ್ತದೆ. ಇದು ವಿಷಾನಿಲವೆಂದು ಎಲ್ಲರಿಗೂ ಗೊತ್ತು, ಚೆನ್ನಾಗಿ ಉರಿಯುವ ಅನಿಲವೆಂಬುದು ಅನೇಕರಿಗೆ ಗೊತ್ತಿಲ್ಲ. ಗಾಳಿಯಲ್ಲಿ ಶೇಕಡ 12.5ರಿಂದ 74ರವರೆಗೆ ಬೆರೆತಾಗ ಅದು ಹೊತ್ತಿಕೊಳ್ಳಬಲ್ಲುದು. ಹೀಗೆ ಕೋಣೆ ಉರಿಯಲು ಕಾದಿರುವ ಅನಿಲದಿಂದ ತುಂಬಿ ನಿಲ್ಲುತ್ತದೆ.

ಆಗ ಯಾರೋ ಬಾಗಿಲು ತೆರೆಯುತ್ತಾರೆ. ಹೊರಗಿನ ತಂಪು ಗಾಳಿ ಭಾರವಾದ್ದರಿಂದ ಬಾಗಿಲಿನ ಕೆಳಭಾಗದಿಂದ ಒಳಗೆ ಹರಿಯುತ್ತದೆ, ಬಿಸಿ ಹೊಗೆ ಮೇಲ್ಭಾಗದಿಂದ ಹೊರಗೆ ಹರಿಯುತ್ತದೆ. ಎರಡೂ ಕಲೆಸಿ ಒಂದು ಹದಕ್ಕೆ ಬಂದು, ಆ ಮಿಶ್ರಣ ಒಳಗಿನ ಕೆಂಡವನ್ನು ತಲುಪಿದೊಡನೆ ಇಡೀ ಕೋಣೆಯ ಅನಿಲ ಒಮ್ಮೆಲೇ ಹೊತ್ತಿ, ಹಿಗ್ಗಿ, ಬಾಗಿಲಿನ ಮೂಲಕ ಬೆಂಕಿಯ ಉಂಡೆಯಾಗಿ ಹೊರನುಗ್ಗುತ್ತದೆ. ಇದೇ ಬ್ಯಾಕ್‌ಡ್ರಾಫ್ಟ್. ಬಾಗಿಲು ತೆರೆದ ಕ್ಷಣದಲ್ಲೇ ಇದು ಆಗಬೇಕೆಂದಿಲ್ಲ. ಗಾಳಿ ಕೆಂಡವನ್ನು ಮುಟ್ಟುವ ತನಕ ಹಲವು ಸೆಕೆಂಡುಗಳೇ ಕಳೆಯಬಹುದು. ‘ಏನೂ ಆಗಲಿಲ್ಲವಲ್ಲ’ ಎಂದು ಹೆಜ್ಜೆ ಒಳಗಿಟ್ಟವನೇ ಆಗ ಅದರ ಬಾಯಿಗೆ ಸಿಗುತ್ತಾನೆ.

1994ರ ಮಾರ್ಚ್ 28ರಂದು ನ್ಯೂಯಾರ್ಕ್ ನಗರದ ವಾಟ್ಸ್ ಸ್ಟ್ರೀಟ್‌ನ ಮನೆಯೊಂದರಲ್ಲಿ ನಡೆದದ್ದು ಇದೇ. ಒಲೆಯ ಮೇಲೆ ಬಿಟ್ಟಿದ್ದ ಕಸದ ಚೀಲ ಹೊತ್ತಿಕೊಂಡಿತ್ತು. ಚಳಿಗೆಂದು ಸಂದುಗಳನ್ನೆಲ್ಲ ಬಿಗಿಯಾಗಿ ಮುಚ್ಚಿದ್ದ ಮನೆಯಾದ್ದರಿಂದ ಗಾಳಿ ಸಾಲದೆ ಬೆಂಕಿ ಕುಗ್ಗಿತ್ತು. ಅಗ್ನಿಶಾಮಕರು ಬಾಗಿಲು ತೆರೆದಾಗ ಹೊರನುಗ್ಗಿದ ಜ್ವಾಲೆ ಮೆಟ್ಟಿಲ ದಾರಿಯಲ್ಲಿ ಆರು ನಿಮಿಷಕ್ಕೂ ಹೆಚ್ಚು ಕಾಲ ಉರಿಯಿತು. ಅಲ್ಲಿದ್ದ ಮೂವರು ಅಗ್ನಿಶಾಮಕರು ಪ್ರಾಣ ತೆತ್ತರು.

ಸುಮ್ಮನೆ ನಿಂತಂತೆ ಕಂಡ ಆ ಹೊತ್ತು

ಇನ್ನು ಕಕ್ಕಿಂಜೆಯ ಆ ರಾತ್ರಿಗೆ ಮರಳೋಣ. ಜನರಿಗೆ ಸುಮ್ಮನೆ ನಿಂತಂತೆ ಕಂಡ ಸಿಬ್ಬಂದಿ ಏನು ಮಾಡುತ್ತಿದ್ದರು?

ಕಟ್ಟಡದ ಸುತ್ತ ನಡೆದವರು ಹೊಗೆಯನ್ನು ಓದುತ್ತಿದ್ದರು. ಜ್ವಾಲೆ ಕಾಣದೆ ದಟ್ಟವಾದ, ಕಂದು ಇಲ್ಲವೇ ಹಳದಿ ಛಾಯೆಯ ಹೊಗೆ ಬರುತ್ತಿದೆಯೇ? ಸಂದುಗಳಲ್ಲಿ ಹೊಗೆ ಹೊರಬಂದು ಮತ್ತೆ ಒಳಗೆ ಎಳೆದುಕೊಳ್ಳುತ್ತಿದೆಯೇ? ಕಟ್ಟಡವೇ ಉಸಿರಾಡುತ್ತಿರುವಂತೆ ಕಾಣುವ ಇದು ಬ್ಯಾಕ್‌ಡ್ರಾಫ್ಟಿನ ಮುಖ್ಯ ಎಚ್ಚರಿಕೆ. ಕಿಟಕಿಯ ಗಾಜಿಗೆ ಎಣ್ಣೆ ಜಿಡ್ಡಿನಂಥ ಕಪ್ಪು ಅಂಟಿದೆಯೇ? ಒಳಗಿನಿಂದ ಸಿಳ್ಳೆಯಂಥ ಸದ್ದು ಕೇಳಿಸುತ್ತಿದೆಯೇ? ಇವನ್ನು ನೋಡಿದ ಮೇಲೆಯೇ ಮುಂದಿನ ತೀರ್ಮಾನ.

ಬಾಗಿಲಿಗೆ ನೀರು ಚಿಮುಕಿಸಿದವರು ಒಳಗಿನ ಬಿಸಿಯನ್ನು ಅಳೆಯುತ್ತಿದ್ದರು. ಬಾಗಿಲಿನ ಮೇಲಿನಿಂದ ನೀರು ಹರಿದಾಗ ಎಲ್ಲಿಯವರೆಗೆ ತಟ್ಟನೆ ಆವಿಯಾಗುತ್ತದೋ ಅಲ್ಲಿಯವರೆಗೆ ಬಿಸಿ ಹೊಗೆಯ ಪದರ ಇಳಿದಿದೆ ಎಂದು ಊಹಿಸಬಹುದು. ಶಾಖವನ್ನು ಚಿತ್ರವಾಗಿ ತೋರಿಸುವ ಥರ್ಮಲ್ ಕ್ಯಾಮೆರಾ ಇದ್ದಲ್ಲಿ ಕೆಲಸ ಇನ್ನೂ ಸುಲಭ. ಇಲ್ಲದಿದ್ದಲ್ಲಿ ಇದೇ ಉಪಾಯ.

ಹೆಂಚು ಸರಿಸಿದ್ದು ಬಿಸಿ ಅನಿಲ ಮೇಲಿನಿಂದಲೇ ಹೊರಹೋಗಲಿ ಎಂದು. ಆ ದಾರಿಯಿಂದ ಅದು ಹೊತ್ತಿಕೊಂಡರೂ ಜ್ವಾಲೆ ಆಕಾಶದ ಕಡೆಗೆ ಹೋಗುತ್ತದೆ, ಬಾಗಿಲಲ್ಲಿ ನಿಂತ ಮನುಷ್ಯನ ಮುಖದ ಕಡೆಗೆ ಬರುವುದಿಲ್ಲ. ಈ ಕೆಲಸವೂ ಅಪಾಯದ್ದೇ. ಪಕ್ಕಾಸು, ರೀಪುಗಳು ಸುಟ್ಟಿದ್ದರೆ ಮಾಡೇ ಕುಸಿಯಬಹುದು. ಆದುದರಿಂದ ಮಾಡಿನ ಮೇಲೆ ಕಾಲಿಡದೆ, ಏಣಿಯ ಮೇಲೇ ನಿಂತು ಮಾಡುವುದು ಕ್ಷೇಮ. ಅಷ್ಟರಲ್ಲಿ ಹೋಸ್‌ಪೈಪಿನಲ್ಲಿ ನೀರು ತುಂಬಿ ಸಿದ್ಧವಾಗಿರಬೇಕು. ನೀರು ಕೈಗೆ ಬಾರದೆ ಬಾಗಿಲು ತೆರೆಯುವಂತಿಲ್ಲ.

ಮಾವನವರು ಗುದ್ದಲಿ ಹಿಡಿದು ಹೊರಟದ್ದು ಈ ಎಲ್ಲ ಸಿದ್ಧತೆ ಮುಗಿಯುವ ಮೊದಲು. ಅವರು ನಿಂತಿದ್ದ ಜಾಗ ಬಾಗಿಲಿನ ನೇರಕ್ಕೆ. ಅಧಿಕಾರಿಯ ಮಾತು ಒರಟಾಗಿದ್ದಿರಬಹುದು, ಕೈ ಹಿಡಿದು ಎಳೆದದ್ದು ಸರಿಯಾಗಿತ್ತು.

ನೀರನ್ನೂ ಅಳೆದು ಹಾಕಬೇಕು

ಬೆಂಕಿಗೆ ಎಷ್ಟು ನೀರು ಸುರಿದರೆ ಅಷ್ಟು ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಸ್ವಲ್ಪ ಭೌತಶಾಸ್ತ್ರ ನೆನಪಿಸಿಕೊಳ್ಳೋಣ. 30 ಡಿಗ್ರಿಯ ಒಂದು ಲೀಟರ್ ನೀರನ್ನು 100 ಡಿಗ್ರಿಗೆ ಕಾಯಿಸಲು ಸುಮಾರು 290 ಕಿಲೋಜೂಲ್ ಶಾಖ ಬೇಕು. ಅದೇ ನೀರನ್ನು ಪೂರ್ತಿ ಆವಿಯಾಗಿಸಲು ಇನ್ನೂ ಸುಮಾರು 2,260 ಕಿಲೋಜೂಲ್ ಬೇಕು. ಬೆಂಕಿಯ ಶಾಖವನ್ನು ಕಸಿಯುವುದರಲ್ಲಿ ನೀರಿನ ನಿಜವಾದ ಶಕ್ತಿ ಇರುವುದು ಅದು ಆವಿಯಾಗುವುದರಲ್ಲಿ. ನೆಲದಲ್ಲಿ ಹರಿದು ಹೋದ ನೀರು ಬಹುಪಾಲು ವ್ಯರ್ಥ.

ಆದರೆ ಒಂದು ಲೀಟರ್ ನೀರು ಆವಿಯಾದಾಗ ಸುಮಾರು 1,700 ಲೀಟರ್ ಜಾಗ ಹಿಡಿಯುತ್ತದೆ. ಮುಚ್ಚಿದ ಕೋಣೆಗೆ ಒಮ್ಮೆಲೇ ನೀರು ನುಗ್ಗಿಸಿದರೆ ಅಷ್ಟೂ ಆವಿ ಒಳಗಿರುವ ಅಗ್ನಿಶಾಮಕನ ಮೇಲೆಯೇ ಬೀಳುತ್ತದೆ. ಕುದಿಯುವ ಆವಿ ಬಟ್ಟೆಯ ಸಂದಿನಲ್ಲಿ ಇಳಿದರೆ ಮೈ ಬೇಯುತ್ತದೆ. ಆದುದರಿಂದ ತರಬೇತಾದವರು ಬಾಗಿಲನ್ನು ಸ್ವಲ್ಪವೇ ತೆರೆದು, ಬಗ್ಗಿ ಕುಳಿತು, ಮೇಲಿನ ಹೊಗೆಗೆ ಸಣ್ಣ ಹನಿಗಳನ್ನು ಒಂದೆರಡು ಕ್ಷಣ ಚಿಮ್ಮಿ, ಬಾಗಿಲು ಮುಚ್ಚಿ, ಮತ್ತೆ ತೆರೆಯುತ್ತಾರೆ. 1980ರ ದಶಕದಲ್ಲಿ ಸ್ವೀಡನ್ನಿನ ಅಗ್ನಿಶಾಮಕರು ಹಡಗಿನ ಸರಕು ಸಾಗಿಸುವ ಉಕ್ಕಿನ ಕಂಟೇನರುಗಳೊಳಗೆ ಬೆಂಕಿ ಹಚ್ಚಿ ಈ ವಿಧಾನವನ್ನು ರೂಢಿಗೆ ತಂದರು. ಅಲ್ಲಿಂದ ಅದು ಬೇರೆ ದೇಶಗಳಿಗೂ ಹರಡಿತು.

ಬೆನ್ನ ಮೇಲಿನ ಗಾಳಿ

ಬೆಂಕಿಗಿಂತ ಮೊದಲು ಕೊಲ್ಲುವುದು ಹೊಗೆ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಕಾರ್ಬನ್ ಮೊನಾಕ್ಸೈಡಿಗೆ ಅಂಟಿಕೊಳ್ಳುತ್ತದೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಸತ್ತ 9 ಮಂದಿಯನ್ನು ನೆನೆಯಿರಿ. ಮೇಲಿನ ಮಹಡಿಗಳಿಗೆ ಏರಿದ ಹೊಗೆಯಿಂದ ಉಸಿರುಕಟ್ಟಿ ಕೆಲವರು, ಅದನ್ನು ತಾಳಲಾರದೆ ಕೆಳಗೆ ಹಾರಿ ಕೆಲವರು ಪ್ರಾಣ ಕಳೆದುಕೊಂಡರು.

ಹೀಗಾಗಿ ಅಗ್ನಿಶಾಮಕರು ಒಳಗೆ ಹೋಗುವಾಗ ಉಸಿರಾಟದ ಗಾಳಿಯನ್ನು ಬೆನ್ನ ಮೇಲೆ ಹೊತ್ತೊಯ್ಯುತ್ತಾರೆ. ಸಾಮಾನ್ಯ ಸಿಲಿಂಡರೊಂದರ ಅಳತೆ 6.8 ಲೀಟರ್, ಒತ್ತಡ 300 ಬಾರ್. ಬಾಯ್ಲ್‌ನ ನಿಯಮದಂತೆ ಗುಣಿಸಿದರೆ ಹೊರಗಿನ ಒತ್ತಡದಲ್ಲಿ ಸುಮಾರು 2,040 ಲೀಟರ್ ಗಾಳಿ. ದುಡಿಮೆಯ ಭಾರಕ್ಕೆ ತಕ್ಕಂತೆ ನಿಮಿಷಕ್ಕೆ 40 ಲೀಟರ್ ಬೇಕಾಗಬಹುದು, 80 ಲೀಟರ್ ಕೂಡ ಬೇಕಾಗಬಹುದು. 80 ಲೀಟರ್ ಆದರೆ ಇಡೀ ಸಿಲಿಂಡರ್ 25 ನಿಮಿಷಕ್ಕೆ ಖಾಲಿ. ಒತ್ತಡ ಸುಮಾರು 55 ಬಾರಿಗೆ ಇಳಿದಾಗ ಸಿಳ್ಳೆ ಕೂಗುತ್ತದೆ. ಆದರೆ ಸಿಳ್ಳೆ ಕೇಳಿದ ಮೇಲೆ ಹೊರಡುವುದಲ್ಲ, ಅದು ಕೂಗುವ ಮೊದಲೇ ಹೊರಗಿರಬೇಕು ಎನ್ನುವುದು ಅವರ ಪಾಠ.

ಕಾರ್ಯಕ್ರಮದ ಚಿತ್ರೀಕರಣಕ್ಕೆಂದು ಇಂಥ ಉಪಕರಣ ತೊಟ್ಟು ತರಬೇತಿ ಕೋಣೆಯೊಂದಕ್ಕೆ ನಾನೂ ಹೋದೆ. ಅಲ್ಲಿ ಬೆಂಕಿ ಇರಲಿಲ್ಲ, ಅಪಾಯವಿಲ್ಲದ ಕೃತಕ ಹೊಗೆ ಮಾತ್ರ. ನನ್ನ ಕೈ ನನಗೆ ಕಾಣಿಸಲಿಲ್ಲ. ಕ್ಯಾಮೆರಾದವನನ್ನು ಕರೆಯಲು ಒಮ್ಮೆ ತಿರುಗಿದೆ, ಗೋಡೆಯಿಂದ ಕೈ ತಪ್ಪಿತು. ಮತ್ತೆ ಗೋಡೆ ಯಾವ ಕಡೆಗಿದೆ ಎಂದು ತಿಳಿಯಲೇ ಇಲ್ಲ. ಬಾಗಿಲಿನಿಂದ ನಾಲ್ಕು ಮಾರು ದೂರದಲ್ಲಿ ನಾನು ದಾರಿ ತಪ್ಪಿದ್ದೆ! ತರಬೇತುದಾರರು ಭುಜ ಹಿಡಿದು ಹೊರತಂದರು. ಗೇಜು ನೋಡಿದರೆ ಅವರಿಗಿಂತ ನಾನು ಎಷ್ಟೋ ಹೆಚ್ಚು ಗಾಳಿ ಖರ್ಚು ಮಾಡಿದ್ದೆ. ಗಾಬರಿಗೊಂಡ ಶ್ವಾಸಕೋಶಕ್ಕೆ ಲೆಕ್ಕ ತಿಳಿಯುವುದಿಲ್ಲ.

ಆದುದರಿಂದಲೇ ಒಬ್ಬೊಬ್ಬರಾಗಿ ಒಳಗೆ ಹೋಗುವ ಪದ್ಧತಿ ಇಲ್ಲ. ಕನಿಷ್ಠ ಇಬ್ಬರು ಜೊತೆಯಾಗಿ ಹೋಗುತ್ತಾರೆ. ಹೋಸ್‌ಪೈಪನ್ನೋ ಹಗ್ಗವನ್ನೋ ಕೈಬಿಡದೆ ಹಿಡಿದಿರುತ್ತಾರೆ, ಬಂದ ದಾರಿಗೆ ಅದೇ ಗುರುತು. ಬಾಗಿಲ ಬಳಿ ಒಬ್ಬರು ಹಲಗೆಯ ಮೇಲೆ ಒಳಹೋದವರ ಹೆಸರು, ಹೋದ ಸಮಯ, ಸಿಲಿಂಡರಿನ ಒತ್ತಡ ಬರೆದಿಟ್ಟು ಗಡಿಯಾರ ನೋಡುತ್ತಿರುತ್ತಾರೆ. ಒಳಗೆ ಸಿಕ್ಕಿಕೊಂಡವರನ್ನು ತರಲು ಇನ್ನಿಬ್ಬರು ಹೊರಗೆ ಸಜ್ಜಾಗಿರುತ್ತಾರೆ. ಹೊರಗೆ ನಿಂತವರೆಲ್ಲ ಕೆಲಸವಿಲ್ಲದೆ ನಿಂತವರಲ್ಲ ಎಂಬುದನ್ನು ಗಮನಿಸಿ.

ಯಾವುದಕ್ಕೆ ಎಷ್ಟು ಅಪಾಯ?

ಹಾಗಾದರೆ ಅಗ್ನಿಶಾಮಕರು ಅಪಾಯಕ್ಕೆ ಇಳಿಯುವುದೇ ಇಲ್ಲವೇ? ಇಳಿಯುತ್ತಾರೆ. ಉಳಿಸಬಹುದಾದ ಜೀವಕ್ಕಾಗಿ ಅಳೆದು ತೂಗಿ ದೊಡ್ಡ ಅಪಾಯ, ಉಳಿಸಬಹುದಾದ ಆಸ್ತಿಗಾಗಿ ಸಣ್ಣ ಅಪಾಯ, ಆಗಲೇ ಕೈಬಿಟ್ಟು ಹೋದುದಕ್ಕಾಗಿ ಯಾವ ಅಪಾಯವೂ ಇಲ್ಲ. ಜಗತ್ತಿನ ಅನೇಕ ಅಗ್ನಿಶಾಮಕ ಸೇವೆಗಳು ಒಪ್ಪಿಕೊಂಡಿರುವ ಸೂತ್ರವಿದು.

ಸೂತ್ರದ ಹಿಂದೆ ಸಾವುಗಳ ಪಾಠವಿದೆ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಮದ್ದುಗುಂಡು ತುಂಬಿದ್ದ ‘ಫೋರ್ಟ್ ಸ್ಟಿಕಿನ್’ ಹಡಗಿನ ಬೆಂಕಿ ಆರಿಸುತ್ತಿದ್ದಾಗ ಸ್ಫೋಟವಾಗಿ 66 ಅಗ್ನಿಶಾಮಕರು ಸತ್ತರು. ಪ್ರತಿವರ್ಷ ಆ ದಿನವನ್ನು ದೇಶವು ಅಗ್ನಿಶಾಮಕ ಸೇವಾ ದಿನವಾಗಿ ಆಚರಿಸುತ್ತದೆ. ಅದೇ ಮುಂಬಯಿಯ ಕಾಲ್ಬಾದೇವಿಯಲ್ಲಿ 2015ರ ಮೇ 9ರಂದು ಗೋಕುಲ್ ನಿವಾಸ ಎಂಬ ಹಳೆಯ ಕಟ್ಟಡಕ್ಕೆ ಬೆಂಕಿ ಬಿದ್ದು, ಆರಿಸುತ್ತಿದ್ದಾಗಲೇ ಕಟ್ಟಡ ಕುಸಿಯಿತು. ಇಬ್ಬರು ಅಧಿಕಾರಿಗಳು ಅಂದೇ ಸತ್ತರು. ಉಪಮುಖ್ಯ ಅಧಿಕಾರಿ ಸುಧೀರ್ ಅಮೀನ್ ಮತ್ತು ನಗರದ ಅಗ್ನಿಶಾಮಕ ದಳದ ಮುಖ್ಯಸ್ಥ ಸುನಿಲ್ ನೆಸರಿಕರ್ ಅದೇ ತಿಂಗಳಲ್ಲಿ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಅಷ್ಟು ಅನುಭವಿಗಳನ್ನೂ ಬೆಂಕಿ ಬಿಡಲಿಲ್ಲ.

ಕಕ್ಕಿಂಜೆಯ ಸ್ಮೋಕ್ ಹೌಸಿನಲ್ಲಿ ಮನುಷ್ಯರಿರಲಿಲ್ಲ. ಒಳಗಿದ್ದ ರಬ್ಬರ್ ಆ ಬಿಸಿಗೆ ಆಗಲೇ ಕರಗಿ ಕೆಟ್ಟಿರುತ್ತದೆ. ಬಾಗಿಲು ಬೇಗ ತೆರೆದಿದ್ದರೂ ಅದನ್ನು ಮಾರಲು ಆಗುತ್ತಿರಲಿಲ್ಲ. ಒಂದು ಕುಟುಂಬದ ದುಡಿಮೆ ಬೂದಿಯಾದ ಸಂಕಟ ಸಣ್ಣದಲ್ಲ, ಜನ ಕೂಗಾಡಿದ್ದರಲ್ಲಿ ತಪ್ಪು ಹುಡುಕಬೇಕಿಲ್ಲ. ಆದರೆ ಆ ಶೀಟುಗಳಿಗಾಗಿ ಒಬ್ಬ ಅಗ್ನಿಶಾಮಕನೋ, ಒಬ್ಬ ಮಾವನೋ ಸಾಯಬೇಕಿರಲಿಲ್ಲ.

ಒಳಗೆ ಜೀವವಿದ್ದಿದ್ದರೆ? ಆಗಲೂ ಹೊಗೆಯನ್ನು ಓದಬೇಕು, ನೀರು ಸಿದ್ಧವಿರಬೇಕು. ಆದರೆ ಎಲ್ಲವೂ ಇನ್ನಷ್ಟು ಬೇಗ ನಡೆಯುತ್ತಿತ್ತು, ಸಿಬ್ಬಂದಿ ಹೆಚ್ಚಿನ ಅಪಾಯವನ್ನು ಹೊರುತ್ತಿದ್ದರು.

ನೀವು ಮಾಡಬಹುದಾದದ್ದು

ಹಳ್ಳಿಗಳಲ್ಲಿ ಫಯರ್ ಇಂಜಿನ್ ಬರುವ ಮೊದಲು ಬೆಂಕಿಯ ಮುಂದೆ ಇರುವವರು ನೀವೇ. ಅಗ್ನಿಶಾಮಕರ ಸುರಕ್ಷತೆಯೂ ಅಲ್ಲಿಂದಲೇ ಆರಂಭವಾಗುತ್ತದೆ.

ಬೆಂಕಿ ಬಿದ್ದ ಕೋಣೆಯಿಂದ ಹೊರಬರುವಾಗ ಬಾಗಿಲನ್ನು ಎಳೆದು ಮುಚ್ಚಿ, ಬೀಗ ಹಾಕಬೇಡಿ. ಹೊಗೆ ತುಂಬಿದ್ದರೆ ತೆವಳಿಕೊಂಡು ಬನ್ನಿ, ನೆಲದ ಬಳಿ ಗಾಳಿ ಅಷ್ಟಿಷ್ಟು ಉಳಿದಿರುತ್ತದೆ.

ಮುಚ್ಚಿದ ಬಾಗಿಲನ್ನು ಕಂಡರೆ ಅಂಗೈಯ ಹಿಂಭಾಗದಿಂದ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ತೆರೆಯಬೇಡಿ. ಕಿಟಕಿಯ ಗಾಜು ಒಡೆಯಬೇಡಿ. ಬಾಗಿಲಿನ ನೇರಕ್ಕೆ ಯಾರೂ ನಿಲ್ಲದಂತೆ ನೋಡಿಕೊಳ್ಳಿ.

101 ಅಥವಾ 112ಕ್ಕೆ ಕರೆ ಮಾಡಿ. ಊರಿನ ಹೆಸರು ಹೇಳಿದರೆ ಸಾಲದು. ಹತ್ತಿರದ ಶಾಲೆ, ಸೇತುವೆ, ದೇವಸ್ಥಾನ, ಮಸೀದಿ, ಇಗರ್ಜಿಯ ಗುರುತು ಹೇಳಿ. ತೋಟದ ದಾರಿ ಕವಲೊಡೆಯುವಲ್ಲಿ ಒಬ್ಬರು ಟಾರ್ಚ್ ಹಿಡಿದು ನಿಲ್ಲಲಿ.

ಸಿಬ್ಬಂದಿ ಬಂದ ಕೂಡಲೇ ಮನೆಯನ್ನು ಬಲ್ಲ ಒಬ್ಬರೇ ಮಾತನಾಡಿ. ಒಳಗೆ ಯಾರಾದರೂ ಇದ್ದಾರೆಯೇ? ಗ್ಯಾಸ್ ಸಿಲಿಂಡರ್, ಪೆಟ್ರೋಲ್ ಕ್ಯಾನ್ ಎಲ್ಲಿದೆ? ವಿದ್ಯುತ್ ಸಂಪರ್ಕ ತೆಗೆಸಿದ್ದೀರಾ, ಮೆಸ್ಕಾಂಗೆ ಹೇಳಿದ್ದೀರಾ? ಬೆಂಕಿ ಹತ್ತಿ ಎಷ್ಟು ಹೊತ್ತಾಯಿತು? ಹತ್ತಿರದ ಕೆರೆ, ತೋಡು ಯಾವುದು? ಈ ಐದು ಉತ್ತರಗಳು ಅವರ ಎಷ್ಟೋ ನಿಮಿಷಗಳನ್ನು ಉಳಿಸುತ್ತವೆ.

ಹೊರಬಂದವರು ಯಾವ ಕಾರಣಕ್ಕೂ ಮತ್ತೆ ಒಳಗೆ ಹೋಗಕೂಡದು. ನಿಮ್ಮನ್ನು ಹುಡುಕಲು ಇನ್ನಿಬ್ಬರು ಆ ಹೊಗೆಯೊಳಗೆ ಇಳಿಯಬೇಕಾಗುತ್ತದೆ.

ಕಕ್ಕಿಂಜೆಯ ತಂಗಿಗೆ ನನ್ನ ಉತ್ತರ ಇಷ್ಟು. ಸ್ಟುಡಿಯೋದಲ್ಲಿ ನಾವು ನಿನ್ನ ಪ್ರಶ್ನೆಯನ್ನು ಓದಿದಾಗ ಅಧಿಕಾರಿ ನಕ್ಕು, ‘ಹೆದರಿಕೆ ಇಲ್ಲ ಎನ್ನುವವನನ್ನು ನಾನು ಒಳಗೆ ಕಳುಹಿಸುವುದಿಲ್ಲ’ ಎಂದರು. ಈ ಪುಟಗಳನ್ನು ನಿನ್ನ ಮಾವನಿಗೆ ಓದಿ ಹೇಳು. ಸಾಧ್ಯವಾದರೆ ಇಬ್ಬರೂ ಬಿಡುವಾದಾಗ ಅಗ್ನಿಶಾಮಕ ಠಾಣೆಗೆ ಹೋಗಿ ಬನ್ನಿ. ಕೇಳಿದರೆ ಉಪಕರಣಗಳನ್ನು ತೋರಿಸಿ ವಿವರಿಸುತ್ತಾರೆ. ಮಾವ ಏನೆಂದರು ಎಂದು ನಮಗೆ ಬರೆಯುವುದನ್ನು ಮರೆಯಬೇಡ.

ನೀವೇ ಯೋಚಿಸಿ

1. ಮೇಲೆ ಹೇಳಿದ 6.8 ಲೀಟರ್ ಸಿಲಿಂಡರಿನಲ್ಲಿ 55 ಬಾರ್ ಒತ್ತಡ ಉಳಿದಾಗ ಸಿಳ್ಳೆ ಕೂಗಿತು. ನಿಮಿಷಕ್ಕೆ 50 ಲೀಟರ್ ಗಾಳಿ ಬಳಸುವ ಅಗ್ನಿಶಾಮಕನಿಗೆ ಉಳಿದಿರುವ ಸಮಯವೆಷ್ಟು? ಒಳಗೆ ಹೋಗಲು ಅವನು 10 ನಿಮಿಷ ತೆಗೆದುಕೊಂಡಿದ್ದರೆ ಸಿಳ್ಳೆಯನ್ನು ಕಾಯುತ್ತ ಕೂರಬಹುದೇ?

2. ಹೆಂಚಿನ ಮಾಡಿನ ಹಳೆಯ ಮನೆಯಲ್ಲಿ ಹೊಗೆ ಸಂದುಗಳಿಂದ ಹೊರಹೋಗುತ್ತದೆ, ತಾರಸಿ ಮನೆಯಲ್ಲಿ ಒಳಗೇ ಉಳಿಯುತ್ತದೆ. ಇವೆರಡರಲ್ಲಿ ಅಗ್ನಿಶಾಮಕರಿಗೆ ಎದುರಾಗುವ ಅಪಾಯಗಳು ಹೇಗೆ ಬೇರೆ?

3. ರಾತ್ರಿ ಮಲಗುವಾಗ ನಿಮ್ಮ ಮನೆಯ ಅಡುಗೆಕೋಣೆಯ ಬಾಗಿಲು ತೆರೆದಿರುತ್ತದೆಯೋ ಮುಚ್ಚಿರುತ್ತದೆಯೋ? ಯಾವುದು ಕ್ಷೇಮ, ಏಕೆ?